ಬಲ್ಬ್ ಹಾಕದ ಕಪಾಟು

ಆಗಸ್ಟ್ 9, ಶನಿವಾರ. ಕೊಟ್ಟಿಗೆಹಾರ.

ಮಳೆ ಹಿಡಿಯಿತೆಂದರೆ ಬೂಷ್ಟು ಬರದಂತೆ ಕಪಾಟಿನೊಳಗೆ ಬಲ್ಬ್ ಉರಿಸುವುದು ನಮ್ಮ ಕಡೆಯ ರೂಢಿ. ಮೊದಲ ಬಲ್ಬ್ ಯಾವತ್ತೂ ನನ್ನ ಸಿನಿಮಾ ಡಿಸ್ಕುಗಳಿಗೆ, ಆಮೇಲೆ ಹೆಂಡತಿ ರಜನಿಯ ರೇಷ್ಮೆ ಸೀರೆಗಳಿಗೆ. ಅದಕ್ಕೆ ಪ್ರತಿ ವರ್ಷ ಜಗಳ.

"ಈ ಸಲ ನಿಮ್ಮ ಡಿಸ್ಕಿಗೆ ಬಲ್ಬೇ ಹಾಕಿಲ್ವಲ್ರೀ" ಎಂದು ಸಂಜೆ ಅವಳೇ ಹೇಳಿದಳು. ಮಳೆಗಾಲ ಶುರುವಾದಾಗಿನಿಂದ ನನಗದು ನೆನಪೇ ಆಗಿಲ್ಲ.

ಕಪಾಟು ತೆಗೆದರೆ ಎಲ್ಲದರ ಮೇಲೂ ಬೂಷ್ಟು. ಹೊಟ್ಟೆ ಉರಿಯಬೇಕಿತ್ತು, ಉರಿಯಲಿಲ್ಲ. ಸಿನಿಮಾ ಮೇಲಿದ್ದ ಅಷ್ಟೊಂದು ಆಸೆ ಯಾವತ್ತು ಹೋಯಿತು? ಹೋಗುವಾಗ ಒಂದು ಮಾತು ಹೇಳಬಾರದಿತ್ತೇ?

ಒಂದು ಡಿಸ್ಕನ್ನು ದೀಪಕ್ಕೆ ಹಿಡಿದೆ. ಬೂಷ್ಟು ಅಂಚಿನಿಂದ ನಡುವಿನವರೆಗೆ ಬೇರಿನಂತೆ ಕವಲೊಡೆದಿತ್ತು. ಇನ್ನೊಂದರಲ್ಲಿ ಬೇರೆಯೇ ಚಿತ್ತಾರ. ಮತ್ತೊಂದು ತೆಗೆದೆ.

ರಜನಿ ಊಟಕ್ಕೆ ಕರೆಯಲು ಬಂದವಳು "ಯಾವ ಸಿನಿಮಾ ಅದು, ಅಷ್ಟು ನೋಡ್ತಿದೀರಿ?" ಅಂದಳು.

ಒಂದರ ಹೆಸರನ್ನೂ ನಾನು ಓದಿರಲಿಲ್ಲ.