ಕೈಯಾಡಿಸಿದ್ರ ಏಳೂ ಮಷಿನ್

೧೨ ಜುಲೈ ೨೦೧೯, ಮುಂಜಾನೆ
ಡೇರಿ ಬಾಗಲಾ ತಗದೆ. ಹಾಲ ಅಳದು ಲೆಕ್ಕಾ ಬರಿಯೂ ಕಂಪ್ಯೂಟರ್ ಮಷಿನ್ ಇವತ್ತೂ ಚಾಲೂ ಆಗೂದ್ರಾಗ ಅರ್ಧಕ್ಕ ನಿಂತೈತಿ. ಹೊಸಾ ಅಪ್‌ಡೇಟ್ ಹಾಕಿದಾಗಿಂದ ಇದ ಗೋಳು. ಹೊರಗ ಕ್ಯಾನಿನ ಪಾಳಿ. ಹಾಲ ಹಾಕೂ ತುಳಸವ್ವ ಕಿಟಕಿಗೆ ಬಂದು, “ಏ ಅಕ್ಕಾರ, ಹಾಲ ಒಡದ ಹೋಗ್ತಾವಲ್ರಿ!”

ಚಿಕ್ಕೋಡಿಗೆ ಫೋನ್. ಅಲ್ಲಿ ಮಷಿನ್ ನೋಡ್ಕೊಳ್ಳೂ ಸಮಾಧಾನ ಅನ್ನೂ ಸರ್ ಎತ್ತಿದ್ರು. ಮುಖಾ ನೋಡಿಲ್ಲ, ದನಿ ಅಷ್ಟ ಗೊತ್ತು.

“ಕೀಬೋರ್ಡ್ ಒತ್ರಿ ನೀಲಮ ಮ್ಯಾಡಮ್.”
“ಏನ್ ಒತ್ತಲಿ?”
“ಮನಸಿಗೆ ಬಂದಂಗ. ಚಾಲೂ ಆಗಬೇಕಾದ್ರ ಅದರ ಗುಟ್ಟಿನ ಕೀಲಿಗೆ ಯಾರೂ ಊಹಾ ಮಾಡಲಾರದಂಥಾ ನಂಬರ್ ಬೇಕು. ಮನಷ್ಯಾರ ಕೈ ಆಡಿದ್ರ ಹುಟ್ತಾವು. ಇಲ್ಲಂದ್ರ ಕಾಯ್ಕೋತ ಕುಂದರತೈತಿ.”

ಕಣ್ಣ ಮುಚ್ಚಿ ಒತ್ತಿದೆ. ಎದ್ದಿತು!

೨೦ ಜುಲೈ
ಒತ್ತೂದು ಈಗ ಗೊತ್ತೈತಿ. ಆದ್ರೂ ದಿನಾ ಫೋನ್ ಮಾಡ್ತೇನಿ... ಗಂಡನ ಮನಿ ಬಿಟ್ಟು ಸದಲಗಾಕ್ಕ ಬಂದಾಗಿಂದ ಖೋಲ್ಯಾಗ ಮಾತಿಲ್ಲ. ಸಂಜಿಮುಂದ ರೇಡಿಯೋ ಹಚ್ಚಿ ರೊಟ್ಟಿ ಬಡೀತೇನಿ.

೮ ಆಗಸ್ಟ್
ಹೊಳಿ ದೂಧಗಂಗಾ ಉಕ್ಕಿ ಓಣ್ಯಾಗ ಬಂದಾಳ. ಡೇರ್‍ಯಾಗ ಮೊಣಕಾಲ ಮಟಾ ನೀರು. ಮಷಿನ್ ಹೊತ್ತು ಅಟ್ಟಕ್ಕ ಏರಿಸಿದೆ. ಈಗ ಸಾಲಿ ಮಾಳಿಗಿ ಮ್ಯಾಲ ಎಲ್ಲಾರೂ. ಅವರವರ ಮಂದಿ ಅವರವರ ಸುತ್ತ.

ಫೋನ್ ಬಂತು. “ಮಷಿನ್ ಮ್ಯಾಲಿಟ್ಟೇನ್ರಿ ಸರ್, ಏನೂ ಆಗಿಲ್ಲ.”
“ಮಷಿನ್ ಹಾಳಾಗಿ ಹೋಗ್ಲಿ! ನೀವೆಲ್ಲಿ ಅದೀರಿ?”

ಹೇಳೂದ್ರಾಗ ನೆಟ್‌ವರ್ಕ್ ಹೋತು. ಸೀರಿ ಸೆರಗ ಬಾಯಿಗೆ ಹಿಡಕೊಂಡು ಅತ್ತೆ. ತುಳಸವ್ವ, “ಅಂಜಬ್ಯಾಡ ಯವ್ವಾ, ನೀರ ಇಳೀತಾವ” ಅಂದಳು.

ಅಂಜಿಕಿ ಅಲ್ಲ ಅದು.

೨೭ ಆಗಸ್ಟ್
ಸಮಾಧಾನ ಸರ್ ತಾವ ಬಂದ್ರು. ಕಿವಿ ಹಂತೇಕ ನೆರತ ಕೂದಲಾ. ದನಿಗಿಂತ ಮೆತ್ತಗಿನ ಮನಷ್ಯಾ. ಮಷಿನ್ನಿಗೆ ಪೆನ್‌ಡ್ರೈವ್‌ನಂಥಾದ್ದೊಂದು ಸಿಗಿಸಿದ್ರು.

“ಇನ್ನ ನಂಬರ್ ಇದ ಹುಟ್ಟಸ್ತೈತಿ. ನೀವು ಕೈ ಹಚ್ಚೂದ್ ಬ್ಯಾಡ, ಫೋನ್ ಮಾಡೂ ತ್ರಾಸೂ ಇಲ್ಲ.”

ತ್ರಾಸ ಅಂದ್ರು. ಚಲೋ ಆತ್ರಿ ಅಂದೆ. ಗಾಡಿ ತಿರುವಿನ್ಯಾಗ ಕಾಣದಂಗ ಆಗೂ ಮಟಾ ಬಾಗಲದಾಗ ನಿಂತಿದ್ದೆ.

೨೮ ಆಗಸ್ಟ್
ಛತ್ರಿ ತೂಗಹಾಕೂದ್ರಾಗ ಮಷಿನ್ ಎದ್ದ ಕುಂತಿತ್ತು. ಎಲ್ಲಾರೂ ಖುಷ್. ನನಗಷ್ಟ ದಿನ ಉದ್ದ ಆತು.

೨ ಸೆಪ್ಟೆಂಬರ್
ಇವತ್ತ ಫೋನ್ ಹಚ್ಚೇ ಬಿಟ್ಟೆ.

“ಏನಾತ್ರಿ, ಮತ್ತ ನಿಂತತೇನು?”
“ಇಲ್ರಿ. ಚಲೋ ನಡದೈತಿ.”
“ಮತ್ತ?”
“ಹಂಗ... ಏನೂ ಕೆಲಸ ಇಲ್ಲ. ಹಂಗ ಮಾಡೇನ್ರಿ.”

ಸರ್ ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.