ಭಾವನ ಭಾಷಣ

೧೬ ನವೆಂಬರ್, ಭಾನುವಾರ

ನಮ್ಮ ಬಡಾವಣೆ ಕೋಪರಿಯ ಹಾಲ್‌ನಲ್ಲಿ ಇವತ್ತು ಸಕ್ಕರೆ ಕಾಯಿಲೆಯ ಜಾಗೃತಿ ಶಿಬಿರ. ಅಧ್ಯಕ್ಷತೆ ನನ್ನ ಭಾವ, ಗಂಡನ ಅಣ್ಣ ಬಸಲಿಂಗಪ್ಪನದು! ಇನ್ಸುಲಿನ್ ಚಟವಾಗುತ್ತದೆ ಎಂದು ಹೆದರಿಸಿ, ಅದನ್ನು ಬಿಡಿಸಿ, ತನ್ನ ತಮ್ಮನಿಗೆ ಯಾವುದೋ ಬೇರಿನ ಪುಡಿ ಕುಡಿಸಿದವನು. ಹೋದ ವರ್ಷ ನನ್ನ ಗಂಡನ ಎಡಗಾಲು ಕತ್ತರಿಸಿದರು. ಅದೇ ಮನುಷ್ಯ ಇವತ್ತು ಶಾಲು ಹೊದ್ದು, "ಡಾಕ್ಟರ್ ಹೇಳಿದಂಗ ಕೇಳ್ರಿ" ಎಂದು ಜನರಿಗೆ ಬುದ್ಧಿ ಹೇಳುತ್ತಿದ್ದ.

ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ: "ಭಾವಾರ, ನಿಮ್ಮ ಪುಡಿ ನಂಬಿ ನಿಮ್ಮ ತಮ್ಮನ ಕಾಲು ಹೋತು. ಅದನ್ನೂ ಹೇಳ್ರಿ."

ಅವನ ಮುಖ ಕಪ್ಪಿಟ್ಟಿತು. ನಾನು ಪಕ್ಕದಲ್ಲಿದ್ದ ಗಂಡನನ್ನು ಎಬ್ಬಿಸಿಕೊಂಡು ಹೊರಟೆ.

ಬಾಗಿಲಲ್ಲಿ ಪೂನಂ ಎಂಬ ಹುಡುಗಿ ಕೈ ಹಿಡಿದಳು. "ಆಂಟಿ, ಮಮ್ಮಿನೂ ಇನ್ಸುಲಿನ್ ಬಂದ್ ಮಾಡಿ ಅಂಥಾದ್ದೇ ಪೌಡರ್ ತಗೋತಾಳ. ಕ್ಯಾ ಕರೂಂ, ಏನ್ ಮಾಡ್ಲಿ?" ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ನನ್ನ ನಂಬರ್ ಕೊಟ್ಟೆ.

ಆಟೋದಲ್ಲಿ ಗಂಡ ಬೈದದ್ದು ನನ್ನನ್ನೇ. "ಮಂದ್ಯಾಗ ಅಣ್ಣನ ಮರ್ಯಾದಿ ತಗದಿ." ಕಾಲು ಕಳೆದುಕೊಂಡವನಿಗೆ ಅಣ್ಣನ ಮರ್ಯಾದೆಯ ಚಿಂತೆ!

ಸಂಜೆ ಪೂನಂ ಫೋನ್ ಮಾಡಿದಳು. ತಾಯಿಯನ್ನು ಅಡ್ಮಿಟ್ ಮಾಡಿಕೊಂಡಿದ್ದಾರೆ, ಇನ್ನು ಭಯವಿಲ್ಲವಂತೆ. "ಭಾಳ ಒಳ್ಳೇದು ಮಾಡಿದ್ರಿ ಆಂಟಿ" ಎಂದು ಅತ್ತಳು.

ಒಳ್ಳೆಯದು ಮಾಡಲು ನಾನು ಎದ್ದಿರಲಿಲ್ಲ. ಎಲ್ಲರೆದುರು ಅವನನ್ನು ಕೆಡವಬೇಕಿತ್ತು, ಅಷ್ಟೇ. ಕೆಡವಿದೆ. ಸಾಲದು ಅನ್ನಿಸುತ್ತಿದೆ.