ಒಳಗಿನ ಲಿಸ್ಟ್ ಒಂದೇ

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಆಫೀಸಿನಲ್ಲಿ ದೂರಿನ ಟಿಕೆಟ್ ಮೇಲೆ ಟಿಕೆಟ್. ಊಟಕ್ಕೆ ಏಳುವಷ್ಟರಲ್ಲಿ ಅಕ್ಕನ ಫೋನ್. ಅವಳು ನರ್ಸ್ ಆಗಿರುವ ಆಸ್ಪತ್ರೆಯಲ್ಲಿ ಓಡುವುದು ನಮ್ಮ ಕಂಪನಿಯದೇ ಸಾಫ್ಟ್‌ವೇರ್. ಅಳುತ್ತಿದ್ದಳು.

"ಅವಳಿ ಮಕ್ಕಳು ಕಣೇ. ದೊಡ್ಡವನ ಎಂಟ್ರೀನೇ ಕಾಪಿ ಮಾಡಿ ಚಿಕ್ಕವನದು ಮಾಡಿದೆ. ಚಿಕ್ಕವನಿಗೆ ಫಿಟ್ಸ್ ಇಲ್ವಲ್ಲ, ಆ ಔಷಧಿ ತೆಗೆದೆ. ದೊಡ್ಡವನದ್ದೂ ಹೋಗಿಬಿಟ್ಟಿದೆ! ಮುಂದಿನ ಪಾಳಿಯವರು ಕೊಟ್ಟೇ ಇಲ್ಲ. ಮಗು ಐಸಿಯೂನಲ್ಲಿದೆ. ಎಲ್ಲಾ ನನ್ನ ತಲೆಗೆ ಕಟ್ತಿದ್ದಾರೆ."

ಮಾರ್ಚ್ 4

ತಪ್ಪು ಸಿಕ್ಕಿತು. ನಮ್ಮ ಕೋಡಿನಲ್ಲಿ ರೋಗಿಯ ವಿವರ ಹೊತ್ತೊಯ್ಯುವ ಡಬ್ಬಿಯಂಥ ಜಾವಾ ಆಬ್ಜೆಕ್ಟ್, ಡಿಟಿಒ — ಅದರ ಕಾಪಿ ಅರೆಬರೆ. ಹೆಸರು, ತೂಕ ಬೇರೆಯಾಗುತ್ತವೆ. ಒಳಗಿನ ಔಷಧಿ ಲಿಸ್ಟ್ ಮಾತ್ರ ಇಬ್ಬರಿಗೂ ಒಂದೇ. ಒಂದು ಕಡೆ ಅಳಿಸಿದರೆ ಎರಡೂ ಕಡೆ ಮಾಯ. ಮಾಡಿ ನೋಡಿದೆ. ಹಾಗೇ ಆಯಿತು.

ಟೀಮ್ ಲೀಡ್‌ಗೆ ತೋರಿಸಿದೆ. ಬಾಗಿಲು ಹಾಕಿಕೊಂಡರು.

"ಲಿಸ್ಟನ್ನೂ ಹೊಸದಾಗಿ ಕಾಪಿ ಮಾಡಿದ್ರಾಯ್ತು. ಸರಿಮಾಡಿದ ಕೋಡ್ ಇವತ್ತೇ ಹಾಕಿಬಿಡು. ಆಸ್ಪತ್ರೆಗೆ ಏನೂ ಹೇಳ್ಬೇಡ."

"ಆ ನರ್ಸ್ ನಮ್ಮಕ್ಕ ಸರ್..."

"ಅದಕ್ಕೇ ಹೇಳ್ತಿರೋದು. ತಂಗಿ ಮಾತು ಯಾರಮ್ಮ ನಂಬ್ತಾರೆ?"

ಹಾಕಿದೆ. ಇನ್ನೊಂದು ಮಗುವಿಗೆ ಹೀಗಾಗಬಾರದಲ್ಲ...

ಮಾರ್ಚ್ 6

ಮಗು ಕಣ್ಣು ಬಿಟ್ಟಿದೆಯಂತೆ. ಅಕ್ಕನ ಸಸ್ಪೆನ್ಷನ್ ಆರ್ಡರ್ ಬಂದಿದೆ. ಎಲ್ಲ ಹೇಳಿದೆ ಅವಳಿಗೆ. "ಆಸ್ಪತ್ರೆ ವಿಚಾರಣೆಗೆ ಬಂದು ಇದನ್ನೇ ಹೇಳ್ತೀಯಾ?" ಅಂದಳು. ಹೂಂ ಅಂದೆ.

ಮಾರ್ಚ್ 13

ಬರೆಯಲು ಕೈಯೇ ಏಳಲಿಲ್ಲ. ವಿಚಾರಣೆಗೆ ಹೋಗುತ್ತೇನೆಂದು ಲೀಡ್‌ಗೆ ಹೇಳಿದ್ದೇ ತಪ್ಪಾಯಿತು. ತಪ್ಪಿದ್ದ ಹಳೆಯ ಕೋಡ್ ಕಂಪನಿಯ ಸ್ವತ್ತಂತೆ. ಹೊರಗೆ ತೋರಿಸಿದರೆ ಕೇಸಂತೆ. ಇವತ್ತು ನನ್ನ ಲಾಗಿನ್ ಕೂಡ ತೆಗೆದುಬಿಟ್ಟಿದ್ದಾರೆ, ಹಳೆಯ ಕೋಡ್ ತೆರೆಯಲೂ ಆಗದು.

ಮಾರ್ಚ್ 14, ಸಂಜೆ

ವಿಚಾರಣೆಯಲ್ಲಿ ಹೇಳಿದೆ, ಎಲ್ಲ. ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಕೀಬೋರ್ಡ್ ನನ್ನ ಕಡೆ ತಳ್ಳಿದರು. "ಮಾಡಿ ತೋರಿಸಮ್ಮ."

ದೊಡ್ಡವನ ಎಂಟ್ರಿ ಕಾಪಿ ಮಾಡಿದೆ. ಕಾಪಿಯಿಂದ ಔಷಧಿ ಅಳಿಸಿದೆ. ದೊಡ್ಡವನದು ಹಾಗೇ ಇತ್ತು. ಇರಲೇಬೇಕಲ್ಲ — ಸರಿಮಾಡಿದ್ದು ನಾನೇ.

"ಆವತ್ತು ಹೀಗಿರಲಿಲ್ಲ" ಅಂದೆ. ಮೇಟ್ರನ್ ಕೀಬೋರ್ಡ್ ಹಿಂದಕ್ಕೆ ಎಳೆದುಕೊಂಡರು. ಅವಳಿಗಳ ತಾಯಿ ಗೋಡೆ ಪಕ್ಕ ಕೂತಿದ್ದಳು, ಅಕ್ಕನನ್ನೇ ನೋಡುತ್ತ.

ಮನೆಗೆ ಬಂದ ಮೇಲೆ ಅಕ್ಕ ಕೇಳಿದ್ದು ಒಂದೇ. "ಇನ್ನು ಯಾವ ಮಗೂಗೂ ಹಾಗಾಗಲ್ಲ ತಾನೇ?"

"ಇಲ್ಲಕ್ಕ."

"ಸರಿ ಬಿಡು."

ಪಾತ್ರೆ ತೊಳೆಯಲು ಹೋದಳು. ನಲ್ಲಿ ಸುರಿಯುತ್ತಲೇ ಇದೆ. ಪಾತ್ರೆಯ ಸದ್ದಿಲ್ಲ. ಬರೆದದ್ದು ಸಾಕು, ಎದ್ದು ಹೋಗಿ ಅವಳ ಪಕ್ಕ ನಿಲ್ಲುತ್ತೇನೆ.